ಏಳಲೊಲ್ಲದ ಗಣಕಯಂತ್ರ

ಗುಂಡಿಯನ್ನೊತ್ತಿದೊಡನೆ ದೀಪ ಹೊತ್ತಿಕೊಳ್ಳುತ್ತದೆ, ಫ್ಯಾನು ತಿರುಗುತ್ತದೆ. ಗಣಕಯಂತ್ರವೂ ಅದೇ ರೀತಿಯಲ್ಲಿ ಎಚ್ಚರಗೊಳ್ಳುವುದೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದೇವೆ. ತಯಾರಕರ ಲಾಂಛನವು ತೆರೆಯ ಮೇಲೆ ಮೂಡಿ, ಕೆಲವು ಕ್ಷಣಗಳ ಬಳಿಕ ನಮ್ಮ ಚಿತ್ರಗಳೂ ಬರೆಹಗಳೂ ಕಾಣಿಸಿಕೊಂಡರೆ ನಮಗೆ ಅಷ್ಟೇ ಸಾಕು. ಆ ಕೆಲವು ಕ್ಷಣಗಳಲ್ಲಿ ಒಳಗೆ ಏನೇನು ನಡೆಯಿತೆಂಬ ವಿಚಾರ ಮನಸ್ಸಿಗೆ ಬರುವುದು ಯಂತ್ರವು ಏಳದೆ ಹೋದ ದಿನ ಮಾತ್ರ.

ಅಂತಹ ದಿನವೊಂದು ನಮ್ಮ ಮಿತ್ರರೊಬ್ಬರಿಗೆ ಒದಗಿತು. ಅವರು ತೀರ್ಥಹಳ್ಳಿಯ ಕಡೆಯ ಅಡಕೆ ಕೃಷಿಕರು. ೧೯೯೮ರಿಂದ ಮೊದಲ್ಗೊಂಡು ದಿನವೂ ಬೆಳಗ್ಗೆ ಎಂಟೂವರೆ ಗಂಟೆಗೆ ತೋಟದ ಮಳೆಮಾಪಕವನ್ನು ನೋಡಿ ಬಿದ್ದ ಮಳೆಯನ್ನು ಮಿಲಿಮೀಟರುಗಳಲ್ಲಿ ಬರೆದಿಡುವುದು ಅವರಿಗೊಂದು ವ್ರತ. ಬರೆದ ಪುಸ್ತಕಗಳಿಗೆ ಗೆದ್ದಲು ಹತ್ತತೊಡಗಿದಾಗ, ಅವರು ಒಂದು ಬೇಸಗೆಯನ್ನೆಲ್ಲ ವೆಚ್ಚಮಾಡಿ ಆ ಲೆಕ್ಕವನ್ನು ಗಣಕಯಂತ್ರಕ್ಕೆ ಏರಿಸಿದ್ದರು. ಪುಸ್ತಕಗಳು ಮಣ್ಣಾದವು, ಲೆಕ್ಕವು ಯಂತ್ರದಲ್ಲಿ ಉಳಿಯಿತು. ಆ ಯಂತ್ರವನ್ನು ನಡೆಸುತ್ತಿದ್ದುದು ಲಿನಕ್ಸ್. ಕಳೆದ ಮಳೆಗಾಲದ ಒಂದು ಸಂಜೆ ಅದು ತನ್ನ ತಂತ್ರಾಂಶವನ್ನು ನವೀಕರಿಸಿಕೊಳ್ಳುತ್ತಿದ್ದಾಗ ವಿದ್ಯುತ್ತು ನಿಂತುಹೋಯಿತು. ಮರುದಿನ ಗುಂಡಿಯನ್ನೊತ್ತಿದರೆ ಕಪ್ಪು ತೆರೆಯ ಮೇಲೆ ಬಿಳಿಯ ಅಕ್ಷರಗಳ ಕೆಲವು ಸಾಲುಗಳು ಮೂಡಿ ನಿಂತವು. ಮುಂದೆ ಏನೂ ಇಲ್ಲ. ದುರಸ್ತಿಯ ಅಂಗಡಿಯೊಂದರವರು ನೋಡಿ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕೆಂದೂ ಒಳಗಿದ್ದುದು ಹೋಯಿತೆಂದೇ ತಿಳಿಯಬೇಕೆಂದೂ ಹೇಳಿದರು. ಮಿತ್ರರು ಒಪ್ಪದೆ ಯಂತ್ರವನ್ನು ಮನೆಗೆ ತಂದರು. ತೆರೆಯ ಛಾಯಾಚಿತ್ರವೊಂದನ್ನು ತೆಗೆದು ನಮಗೆ ಕಳುಹಿಸಿ, "ಇದರ ಅರ್ಥವೇನೆಂದು ನೀವಾದರೂ ತಿಳಿಸಿ" ಎಂದು ಕೇಳಿದರು.

ನಿಜ ಹೇಳಬೇಕೆಂದರೆ ನಮಗೂ ಅದರ ಅರ್ಥ ಆಗಲಿಲ್ಲ. ಆದರೆ ಏಕೈಕ ಪ್ರತಿಯನ್ನು ಒಡಲಲ್ಲಿಟ್ಟುಕೊಂಡ ಯಂತ್ರದ ಮೇಲೆ ಪ್ರಯೋಗ ನಡೆಸುವುದು ವಿವೇಕವಲ್ಲವೆಂಬುದಂತೂ ತಿಳಿದಿತ್ತು. ಆದುದರಿಂದ ಲಿನಕ್ಸಿನ ಅತ್ಯಂತ ಕಿರಿಯ ರೂಪವೊಂದನ್ನು ನಮ್ಮ ಕೈಯಿಂದಲೇ ಕಟ್ಟಿ, ಅದು ಹೇಗೆ ಏಳುತ್ತದೆ, ಏಳದಿದ್ದರೆ ಏಕೆ ಏಳುವುದಿಲ್ಲ ಎಂಬುದನ್ನು ಮೊದಲು ಕಲಿಯುವುದೆಂದು ನಿಶ್ಚಯಿಸಿದೆವು. ಮೂರು ಸಂಜೆಗಳ ಆ ಪಾಠವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಡ್ಡಿಯಿಂದ ಕೊರಡಿಗೆ

ಬಚ್ಚಲುಮನೆಯಲ್ಲಿ ಹಂಡೆಯ ಒಲೆ ಹೊತ್ತಿಸುವ ಕ್ರಮವನ್ನು ಓದುಗರಲ್ಲಿ ಹಲವರು ಕಂಡಿರಬಹುದು. ಬೆಂಕಿಕಡ್ಡಿಯನ್ನು ಗೀರಿ ನೇರವಾಗಿ ದಪ್ಪ ಕೊರಡಿಗೆ ಹಿಡಿದರೆ ಕಡ್ಡಿ ಸುಟ್ಟುಹೋಗುವುದೇ ಹೊರತು ಕೊರಡು ಹೊತ್ತುವುದಿಲ್ಲ. ಕಡ್ಡಿಯಿಂದ ಒಣಗಿದ ತೆಂಗಿನಗರಿಗೆ, ಗರಿಯಿಂದ ಪುರಳೆಗೆ, ಪುರಳೆಯಿಂದ ಸೀಳಿದ ಸೌದೆಗೆ, ಸೌದೆಯಿಂದ ಕೊರಡಿಗೆ ಬೆಂಕಿ ದಾಟಬೇಕು. ಪ್ರತಿಯೊಂದಕ್ಕೂ ತನ್ನ ಮುಂದಿನದನ್ನು ಹೊತ್ತಿಸುವಷ್ಟೇ ಶಕ್ತಿ. ನಡುವೆ ಒಂದು ಹಸಿಯಾಗಿದ್ದರೆ ಬೆಂಕಿ ಅಲ್ಲಿಯೇ ನಿಲ್ಲುತ್ತದೆ.

ಗಣಕಯಂತ್ರದ ಎಚ್ಚರವೂ ಇದೇ ಬಗೆಯದು. ವಿದ್ಯುತ್ತು ಇಲ್ಲದಿರುವಾಗ ಅದರ ಮೆಮೊರಿ ಬರಿದಾಗಿರುತ್ತದೆ. ವಿದ್ಯುತ್ತು ಬಂದೊಡನೆ ಪ್ರೊಸೆಸರಿಗೆ ತಿಳಿದಿರುವುದು ಒಂದೇ ಸಂಗತಿ: ಒಂದು ಗೊತ್ತಾದ ವಿಳಾಸಕ್ಕೆ ಹೋಗಿ ಅಲ್ಲಿರುವ ಆಜ್ಞೆಯನ್ನು ಪಾಲಿಸುವುದು. ೧೯೭೮ರಲ್ಲಿ ಹೊರಬಂದ ಇಂಟೆಲ್ ೮೦೮೬ ಪ್ರೊಸೆಸರಿನಲ್ಲಿ ಆ ವಿಳಾಸವು ಒಂದು ಮೆಗಾಬೈಟಿನ ತುದಿಗಿಂತ ಹದಿನಾರು ಬೈಟು ಕೆಳಗಿತ್ತು. ಆ ಸ್ಥಳದಲ್ಲಿ, ವಿದ್ಯುತ್ತು ಹೋದರೂ ಅಳಿಯದ ಚಿಪ್ಪೊಂದರಲ್ಲಿ, ಬಯಾಸ್ ಎಂಬ ಪುಟ್ಟ ತಂತ್ರಾಂಶವು ಕಾದಿರುತ್ತದೆ. ಹಳೆಯ ಪದ್ಧತಿಯಲ್ಲಿ ಬಯಾಸು ಡಿಸ್ಕಿನ ಮೊತ್ತಮೊದಲ ೫೧೨ ಬೈಟುಗಳನ್ನು ಮಾತ್ರ ಮೆಮೊರಿಗೆ ತಂದು ಅದಕ್ಕೆ ಅಧಿಕಾರ ಕೊಡುತ್ತಿತ್ತು. ಅದರಲ್ಲಿಯೂ ಡಿಸ್ಕಿನ ಹಂಚಿಕೆಯ ಪಟ್ಟಿಗೆ ೬೪ ಬೈಟು, ಕೊನೆಯ ಗುರುತಿಗೆ ೨ ಬೈಟು ಕಳೆದರೆ ಆಜ್ಞೆಗಳಿಗೆ ಉಳಿಯುವುದು ೪೪೬ ಬೈಟು. ಅಷ್ಟು ಕಿರಿದಾದ ತಂತ್ರಾಂಶಕ್ಕೆ ತನಗಿಂತ ಹಿರಿದಾದ ಇನ್ನೊಂದನ್ನು ಕರೆತರುವುದಕ್ಕಿಂತ ಹೆಚ್ಚಿನ ಕೆಲಸ ಸಾಧ್ಯವಿಲ್ಲ. ಈಚಿನ ಯಂತ್ರಗಳಲ್ಲಿ ಬಯಾಸಿನ ಸ್ಥಾನಕ್ಕೆ ಯುಇಎಫ್‌ಐ ಎಂಬ ಹೆಚ್ಚು ಬಲವುಳ್ಳ ವ್ಯವಸ್ಥೆ ಬಂದಿದೆ. ಆದರೆ ಕೈಯಿಂದ ಕೈಗೆ ದಾಟಿಸುವ ತತ್ತ್ವ ಬದಲಾಗಿಲ್ಲ. ಅಲ್ಲಿಂದ ಬೂಟ್‌ಲೋಡರ್, ಬೂಟ್‌ಲೋಡರಿನಿಂದ ಕರ್ನೆಲ್, ಕರ್ನೆಲ್ಲಿನಿಂದ ಮೊದಲ ಕಾರ್ಯಕ್ರಮ, ಅದರಿಂದ ಉಳಿದೆಲ್ಲವೂ. ಈ ಸರಪಣಿಗೆ ಬೂಟ್ ಎಂದು ಹೆಸರು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವ ಮನುಷ್ಯನ ಕುರಿತಾದ ಇಂಗ್ಲಿಷ್ ನುಡಿಯಿಂದ ಆ ಹೆಸರು ಹುಟ್ಟಿತು.

ಯಂತ್ರದೊಳಗಣ ಯಂತ್ರ

ಇದನ್ನು ಕಲಿಯುವುದಕ್ಕೆ ಎರಡನೆಯ ಗಣಕಯಂತ್ರವನ್ನು ಕೊಳ್ಳಬೇಕಾಗಿಲ್ಲ. ಒಂದು ಯಂತ್ರವು ಇನ್ನೊಂದು ಯಂತ್ರದ ವೇಷವನ್ನು ಧರಿಸಬಲ್ಲುದು. ಪ್ರೊಸೆಸರ್, ಮೆಮೊರಿ, ಡಿಸ್ಕು, ತೆರೆ ಇವೆಲ್ಲವನ್ನೂ ತಂತ್ರಾಂಶದಲ್ಲಿಯೇ ಅಭಿನಯಿಸಿ ತೋರಿಸಿದರೆ, ಅದರೊಳಗೆ ನಡೆಯುವ ಕಾರ್ಯಕ್ರಮಕ್ಕೆ ತಾನು ನಿಜವಾದ ಯಂತ್ರದಲ್ಲಿಯೇ ಇರುವಂತೆ ತೋರುತ್ತದೆ. ಇದಕ್ಕೆ ವರ್ಚುವಲ್ ಮೆಷೀನ್ ಎಂದು ಹೆಸರು. ನಾವು ಕಲ್ಪಿತ ಯಂತ್ರವೆನ್ನೋಣ. ಈ ಯೋಚನೆ ಹೊಸದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ಜಿನಲ್ಲಿ ಐ.ಬಿ.ಎಂ. ಸಂಸ್ಥೆಯ ವಿಜ್ಞಾನಿಗಳು ೧೯೬೦ರ ದಶಕದಲ್ಲಿಯೇ ಒಂದು ದೊಡ್ಡ ಯಂತ್ರವನ್ನು ಹಲವು ಕಲ್ಪಿತ ಯಂತ್ರಗಳಾಗಿ ಹಂಚಿ, ಬಳಸುವವರಲ್ಲಿ ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನದೇ ಎಂಬ ಅನುಭವವನ್ನು ಕೊಟ್ಟಿದ್ದರು. ೧೯೭೨ರಲ್ಲಿ ಅದು ಮಾರಾಟದ ವಸ್ತುವೂ ಆಯಿತು.

ನಾವು ಬಳಸಿದ್ದು ಫ್ಯಾಬ್ರಿಸ್ ಬೆಲ್ಲಾರ್ ಎಂಬ ಫ್ರೆಂಚ್ ತಂತ್ರಜ್ಞರು ೨೦೦೩ರಲ್ಲಿ ಹೊರತಂದ ಕ್ಯೂಎಮು ಎಂಬ ತಂತ್ರಾಂಶವನ್ನು. ಯಾರು ಬೇಕಾದರೂ ಅದನ್ನು ಬೆಲೆ ತೆರದೆ ಪಡೆಯಬಹುದು. ಕಲ್ಪಿತ ಯಂತ್ರದಿಂದ ಕಲಿಯುವವನಿಗೆ ದೊಡ್ಡ ಉಪಕಾರವುಂಟು. ಅದು ಕೆಟ್ಟರೆ ನಷ್ಟವಿಲ್ಲ. ಕ್ಷಣಮಾತ್ರದಲ್ಲಿ ಮತ್ತೆ ಮೊದಲಿನಿಂದ ಆರಂಭಿಸಬಹುದು. ಅದು ಆಡಿದ ಮಾತನ್ನೆಲ್ಲ ಒಂದು ಫೈಲಿನಲ್ಲಿ ಹಿಡಿದಿಟ್ಟು ಬಿಡುವಾಗಿ ಓದಬಹುದು. ಬೇಕೆಂದರೆ ಮೊದಲ ಆಜ್ಞೆಯಲ್ಲಿಯೇ ಅದನ್ನು ತಡೆದು ನಿಲ್ಲಿಸಿ, ಒಂದೊಂದೇ ಹೆಜ್ಜೆ ನಡೆಸಿ ನೋಡಬಹುದು. ಅಲ್ಲದೆ ಡಿಸ್ಕು, ಬೂಟ್‌ಲೋಡರುಗಳ ಗೊಡವೆಯಿಲ್ಲದೆ ಕರ್ನೆಲ್ಲನ್ನು ನೇರವಾಗಿ ಮೆಮೊರಿಗೆ ಇಳಿಸುವ ಸೌಕರ್ಯವೂ ಕ್ಯೂಎಮುವಿನಲ್ಲಿದೆ. ಹೀಗಾಗಿ ಸರಪಣಿಯ ಕಡೆಯ ಕೊಂಡಿಗಳ ಮೇಲೆಯೇ ಗಮನವಿಡಬಹುದು.

ಬೇಕಾಗುವ ಸಾಮಗ್ರಿ

ಕಿರಿಯ ಲಿನಕ್ಸಿಗೆ ಬೇಕಾಗುವ ಪದಾರ್ಥಗಳು ಮೂರೇ. ಮೊದಲನೆಯದು ಕರ್ನೆಲ್, ಯಂತ್ರದ ಅಂಗಾಂಗಗಳನ್ನು ಆಳುವ ತಿರುಳು. ಹೆಲ್ಸಿಂಕಿಯ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ೧೯೯೧ರ ಆಗಸ್ಟ್ ೨೫ರಂದು ತಮ್ಮ ಈ ಹವ್ಯಾಸವನ್ನು ಜಗತ್ತಿಗೆ ತಿಳಿಸಿದರು. ಇಂದು ಅದರ ಮೂಲಪಾಠವು ಕೋಟಿಗಟ್ಟಲೆ ಸಾಲುಗಳಿಗೆ ಬೆಳೆದಿದೆ. ಆದರೆ ಕಟ್ಟುವಾಗ ಸಾವಿರಾರು ಅಂಶಗಳಲ್ಲಿ ತಮಗೆ ಬೇಕಾದುವನ್ನು ಮಾತ್ರ ಆರಿಸಿಕೊಳ್ಳಬಹುದು. ಎಲ್ಲವನ್ನೂ ಕೈಬಿಟ್ಟು ಕನಿಷ್ಠತಮ ಆಯ್ಕೆಯಿಂದ ಹೊರಡುವ ಮಾರ್ಗವೂ ಉಂಟು. ಅದನ್ನು ಟೈನಿ ಕಾನ್ಫಿಗ್ ಎನ್ನುತ್ತಾರೆ. ನಾವು ಉತ್ಸಾಹದಿಂದ ಅದನ್ನೇ ಹಿಡಿದೆವು.

ಎರಡನೆಯದು ಬ್ಯುಸಿಬಾಕ್ಸ್. ಫೈಲುಗಳನ್ನು ಪಟ್ಟಿಮಾಡುವುದು, ನಕಲು ಮಾಡುವುದು, ಓದುವುದು ಮುಂತಾದ ಮುನ್ನೂರಕ್ಕೂ ಹೆಚ್ಚು ಆಜ್ಞೆಗಳು ಈ ಒಂದೇ ಕಾರ್ಯಕ್ರಮದಲ್ಲಿ ಅಡಗಿವೆ. ಯಾವ ಹೆಸರಿನಿಂದ ಕರೆದರೆ ಆ ವೇಷದಲ್ಲಿ ಅದು ಬರುತ್ತದೆ. ೧.೪೪ ಮೆಗಾಬೈಟಿನ ಒಂದೇ ಫ್ಲಾಪಿಯಲ್ಲಿ ಡೆಬಿಯನ್ ಲಿನಕ್ಸನ್ನು ಎಬ್ಬಿಸುವ ಸಲುವಾಗಿ ಬ್ರೂಸ್ ಪೆರೆನ್ಸ್ ೧೯೯೫ರಲ್ಲಿ ಇದನ್ನು ಬರೆಯತೊಡಗಿದರು.

ಮೂರನೆಯದು ಇನಿಟ್‌ರ್‍ಯಾಮ್‌ಎಫ್‌ಎಸ್ ಎಂಬ ಗಂಟು. ದೂರದ ಪ್ರಯಾಣಕ್ಕೆ ಹೊರಟವರು ಬುತ್ತಿ ಕಟ್ಟಿಕೊಂಡು ಹೋಗುವಂತೆ, ಕರ್ನೆಲ್ಲು ತನ್ನೊಡನೆ ಕೆಲವು ಫೈಲುಗಳ ಗಂಟೊಂದನ್ನು ಮೆಮೊರಿಗೆ ತಂದುಕೊಳ್ಳುತ್ತದೆ. ಎಚ್ಚರವಾದ ಬಳಿಕ ಗಂಟನ್ನು ಬಿಚ್ಚಿ, ಅದರ ಬಾಯಲ್ಲಿಯೇ ಇರಬೇಕಾದ ಇನಿಟ್ ಎಂಬ ಫೈಲನ್ನು ಹುಡುಕಿ ನಡೆಸುತ್ತದೆ. ಹೊರಗಿನ ಡಿಸ್ಕು ಸಿಕ್ಕುವ ತನಕ ಈ ಬುತ್ತಿಯೇ ಆಧಾರ. ನಮ್ಮ ಬುತ್ತಿಯಲ್ಲಿದ್ದುದು ಬ್ಯುಸಿಬಾಕ್ಸೂ ನಾಲ್ಕೈದು ಸಾಲುಗಳ ಇನಿಟ್ ಬರೆಹವೂ ಮಾತ್ರ. ಎಲ್ಲ ಸೇರಿ ಕೆಲವೇ ಮೆಗಾಬೈಟುಗಳಾದವು.

ಸತ್ತಿದೆಯೋ, ಮೂಕವಾಗಿದೆಯೋ?

ಮೊದಲ ಸಂಜೆ ಕಲ್ಪಿತ ಯಂತ್ರವನ್ನು ಹೊರಡಿಸಿದೆವು. ಬೇರೆ ಕಿಟಕಿ ಬೇಡವೆಂದು ಅದರ ತೆರೆಯನ್ನು ಮುಚ್ಚಿ, ಮಾತೆಲ್ಲ ಸೀರಿಯಲ್ ಪೋರ್ಟಿನ ಮೂಲಕ ನಮ್ಮ ಟರ್ಮಿನಲ್ಲಿಗೆ ಬರಲಿ ಎಂದು ಏರ್ಪಡಿಸಿದ್ದೆವು. "ಬೂಟಿಂಗ್ ಫ್ರಮ್ ರೋಮ್" ಎಂಬ ಸಾಲು ಬಂದಿತು. ಬಳಿಕ ಮೌನ. ಹತ್ತು ನಿಮಿಷ ಕಾದರೂ ಮೌನವೇ.

ಆ ಸಾಲು ಕಲ್ಪಿತ ಯಂತ್ರದ ಬಯಾಸಿನದು. ಅಳಿಯದ ಮೆಮೊರಿಯಲ್ಲಿರುವುದಕ್ಕೆ ಅಧಿಕಾರವನ್ನು ಕೊಡುತ್ತಿದ್ದೇನೆ ಎಂದು ಅದರ ಅರ್ಥ. ಅದು ಕಾಣಿಸಿಕೊಂಡದ್ದರಿಂದ ಬಯಾಸು ತನ್ನ ಕೆಲಸವನ್ನು ಮಾಡಿದೆಯೆಂದೂ ತೊಡಕು ಅದರ ಈಚೆಗಿದೆಯೆಂದೂ ತಿಳಿಯಬೇಕಾಗಿತ್ತು. ನಾವು ಅಷ್ಟು ಯೋಚಿಸಲಿಲ್ಲ. ಆತುರದಿಂದ ಮೆಮೊರಿಯನ್ನು ಹೆಚ್ಚಿಸಿದೆವು, ಪ್ರೊಸೆಸರಿನ ಬಗೆಯನ್ನು ಬದಲಿಸಿದೆವು, ಕರ್ನೆಲ್ಲಿಗೆ ಹತ್ತಾರು ಅಂಶಗಳನ್ನು ತುಂಬಿದೆವು, ಎಲ್ಲಿಯೋ ಕಂಡ ಸೂಚನೆಗಳನ್ನೆಲ್ಲ ಸೇರಿಸಿದೆವು. ಇದ್ದಕ್ಕಿದ್ದಂತೆ ಯಂತ್ರವು ಮಾತಾಡಿತು. ಸಂತೋಷವಾಯಿತು, ಆದರೆ ಯಾವ ಮದ್ದಿನಿಂದ ವಾಸಿಯಾಯಿತೆಂಬುದು ಮಾತ್ರ ತಿಳಿಯಲಿಲ್ಲ. ಇಂತಹ ಗೆಲುವು ಮಿತ್ರರ ಯಂತ್ರಕ್ಕೆ ಏನು ಪ್ರಯೋಜನ? ಮಾಡಿದುದನ್ನೆಲ್ಲ ತೆಗೆದುಹಾಕಿ, ಮೌನಕ್ಕೇ ಹಿಂದಿರುಗಿ, ಈ ಬಾರಿ ಒಂದೊಂದನ್ನೇ ಬದಲಿಸಿ ನೋಡಿದೆವು.

ಕಂಡುಬಂದ ಸಂಗತಿ ಹೀಗಿದೆ. ಟೈನಿ ಕಾನ್ಫಿಗ್ಗಿನ ಕರ್ನೆಲ್ಲಿಗೆ ನಾಲಗೆಯೇ ಇಲ್ಲ. ಸಂದೇಶಗಳನ್ನು ಹೊರಡಿಸುವ ಅಂಶವನ್ನೂ ಸೀರಿಯಲ್ ಪೋರ್ಟಿನ ಚಾಲಕವನ್ನೂ ಜಾಗ ಉಳಿಸಲೆಂದು ಅದರಲ್ಲಿ ಬಿಟ್ಟಿರುತ್ತಾರೆ. ಅವುಗಳನ್ನು ಸೇರಿಸಿದರೂ ಮೌನ ಮುರಿಯಲಿಲ್ಲ. ಏಕೆಂದರೆ ಬೇರೆ ಅಪ್ಪಣೆಯಿಲ್ಲದಿದ್ದರೆ ಕರ್ನೆಲ್ಲು ತೆರೆಯನ್ನೇ ನೋಡಿ ಮಾತಾಡುತ್ತದೆ; ತೆರೆಯನ್ನು ನಾವೇ ಮುಚ್ಚಿದ್ದೆವಲ್ಲ! ಮೊದಲನೆಯ ಸೀರಿಯಲ್ ಪೋರ್ಟನ್ನು ಕನ್ಸೋಲಾಗಿ ಬಳಸೆಂದು ಕರ್ನೆಲ್ಲಿಗೆ ಕೊಡುವ ಆಜ್ಞಾಸಾಲಿನಲ್ಲಿ ಬರೆದಾಗ ಮಾತು ಹೊರಬಂದಿತು. ಆ ಅಪ್ಪಣೆಯೊಂದನ್ನೇ ಕೊಟ್ಟು ನಾಲಗೆಯನ್ನು ಕೊಡದಿದ್ದರೂ ಮೌನವೇ. ಹೀಗೆ ಎರಡು ದೋಷಗಳು ಕೂಡಿದಲ್ಲಿ ಒಂದನ್ನು ತಿದ್ದಿದರೆ ಹೊರಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಸರಿಯಾದ ತಿದ್ದುಪಡಿಯನ್ನು ಫಲ ಕಾಣಲಿಲ್ಲವೆಂದು ತೆಗೆದುಹಾಕುವ ತಪ್ಪು ಆಗುವುದು ಇಂತಲ್ಲಿಯೇ. ಒಂದೊಂದನ್ನೇ ಬದಲಿಸಬೇಕೆಂಬ ನಿಯಮದ ಜತೆಗೆ, ಬದಲಾವಣೆಯ ಕಾರಣವನ್ನು ತಿಳಿದು ಬದಲಿಸಬೇಕೆಂಬ ನಿಯಮವೂ ಇರಬೇಕೆಂದು ಅಂದು ಮನದಟ್ಟಾಯಿತು.

ಸೊನ್ನೆ, ಸೊನ್ನೆ

ಎರಡನೆಯ ಸಂಜೆ ಕರ್ನೆಲ್ಲು ಧಾರಾಳವಾಗಿ ಮಾತಾಡಿತು. ಪ್ರೊಸೆಸರನ್ನು ಗುರುತಿಸಿತು, ಮೆಮೊರಿಯನ್ನು ಅಳೆಯಿತು, ಗಡಿಯಾರವನ್ನು ಸರಿಪಡಿಸಿಕೊಂಡಿತು; ಒಂದು ಸೆಕೆಂಡಿನ ಆಸುಪಾಸಿನಲ್ಲಿ ಕರ್ನೆಲ್ ಪ್ಯಾನಿಕ್ ಎಂದು ಸಾರಿ ನಿಂತುಬಿಟ್ಟಿತು. ಪ್ಯಾನಿಕ್ ಎಂದರೆ ದಿಗಿಲು. ಮುಂದೆ ಹೋಗುವುದು ಅಸಾಧ್ಯವೆಂದು ತಿಳಿದಾಗ ಕರ್ನೆಲ್ಲು ಹೀಗೆ ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ಕೊನೆಯ ಸಾಲಿನ ತಾತ್ಪರ್ಯ ಇದು: ಮೂಲ ಫೈಲ್‌ವ್ಯವಸ್ಥೆಯನ್ನು ಜೋಡಿಸಲಾಗಲಿಲ್ಲ, ಅನ್‌ನೋನ್ ಬ್ಲಾಕ್, ಸೊನ್ನೆ, ಸೊನ್ನೆ.

ಮಿತ್ರರು ಕಳುಹಿಸಿದ್ದ ಛಾಯಾಚಿತ್ರವನ್ನು ತೆಗೆದು ನೋಡಿದೆವು. ಅಲ್ಲಿಯೂ ಅದೇ ಮಾತು, ಅದೇ ಎರಡು ಸೊನ್ನೆಗಳು! ನಾವು ಅರಿಯದೆ ಮಾಡಿದ ಯಾವುದೋ ತಪ್ಪಿನಿಂದ ತೀರ್ಥಹಳ್ಳಿಯ ತೊಂದರೆಯನ್ನೇ ನಮ್ಮ ಮೇಜಿನ ಮೇಲೆ ತಂದುಕೊಂಡಿದ್ದೆವು. ಈಗ ಕಾರಣವನ್ನು ಹುಡುಕುವುದಕ್ಕೆ ಇಮ್ಮಡಿ ಆಸಕ್ತಿ ಹುಟ್ಟಿತು.

ಲಿನಕ್ಸು ಪ್ರತಿಯೊಂದು ಸಾಧನವನ್ನೂ ಎರಡು ಅಂಕಗಳಿಂದ ಗುರುತಿಸುತ್ತದೆ. ಮೊದಲನೆಯದು ಜಾತಿಯನ್ನೂ ಎರಡನೆಯದು ಆ ಜಾತಿಯೊಳಗಿನ ವ್ಯಕ್ತಿಯನ್ನೂ ಹೇಳುತ್ತದೆ. ಅನೇಕ ಯಂತ್ರಗಳ ಡಿಸ್ಕುಗಳ ಅಂಕ ಎಂಟು. ಎಂಟು, ಒಂದು ಎಂದರೆ ಮೊದಲ ಡಿಸ್ಕಿನ ಮೊದಲ ಭಾಗ. ಸಂದೇಶದಲ್ಲಿ ಎಂಟು, ಒಂದು ಎಂದಿದ್ದರೆ ಡಿಸ್ಕು ಸಿಕ್ಕಿದೆ, ಅದರಲ್ಲಿರುವುದನ್ನು ಓದಲಾಗುತ್ತಿಲ್ಲ ಎಂದು ಅರ್ಥ. ಅಂತಹ ಸಂದರ್ಭದಲ್ಲಿ ಒಳಗಿನ ಬರೆಹಕ್ಕೆ ಧಕ್ಕೆಯಾಗಿರುವ ಶಂಕೆಗೆ ಎಡೆಯುಂಟು. ಸೊನ್ನೆ, ಸೊನ್ನೆ ಎಂದರೆ ಡಿಸ್ಕೆಂಬುದೇ ಕರ್ನೆಲ್ಲಿನ ಕಣ್ಣಿಗೆ ಬಿದ್ದಿಲ್ಲ. ಕಣ್ಣಿಗೆ ಬೀಳದ ಡಿಸ್ಕನ್ನು ಕರ್ನೆಲ್ಲು ಕೆಡಿಸಿರುವುದೂ ಸಾಧ್ಯವಿಲ್ಲ. ಸೊನ್ನೆಗೂ ಎಂಟಕ್ಕೂ ಇರುವ ಈ ವ್ಯತ್ಯಾಸವನ್ನು ಬಲ್ಲವರು "ಎಲ್ಲವೂ ಹೋಯಿತು" ಎಂದು ಅಷ್ಟು ಸುಲಭವಾಗಿ ನುಡಿಯಲಾರರು.

ನಮ್ಮ ಕಲ್ಪಿತ ಯಂತ್ರಕ್ಕೆ ಡಿಸ್ಕೇ ಇರಲಿಲ್ಲವಷ್ಟೆ. ಹಾಗಾದರೆ ಬುತ್ತಿಯೊಡನೆ ಹೊರಟ ಕರ್ನೆಲ್ಲು ಡಿಸ್ಕನ್ನು ಏಕೆ ಹುಡುಕಬೇಕು? ಉತ್ತರವು ಕೊನೆಯ ಸಾಲಿನಲ್ಲಿರಲಿಲ್ಲ. ಹಲವು ಸಾಲು ಮೇಲೆ, ಸದ್ದಿಲ್ಲದೆ, ಇನಿಟ್ ಸಿಕ್ಕಲಿಲ್ಲ, ಇರಲಿ ಎಂಬರ್ಥದ ಒಂದು ಸಾಲಿನಲ್ಲಿತ್ತು. ಬುತ್ತಿಯ ಬಾಯಲ್ಲಿ ಇನಿಟ್ ಕಾಣದಿದ್ದರೆ ಕರ್ನೆಲ್ಲು ಬುತ್ತಿಯ ಆಸೆಯನ್ನು ಬಿಟ್ಟು ಡಿಸ್ಕನ್ನು ಹುಡುಕಲು ಹೋಗುತ್ತದೆ. ಗಂಟನ್ನು ಬಿಚ್ಚಿ ಪಟ್ಟಿಮಾಡಿದಾಗ ನಮ್ಮ ತಪ್ಪು ಬಯಲಾಯಿತು. ಫೈಲುಗಳಿದ್ದ ಕೋಶದೊಳಗೆ ನಿಂತು ಗಂಟು ಕಟ್ಟುವುದರ ಬದಲು, ಹೊರಗೆ ನಿಂತು ಕೋಶವನ್ನೇ ಗಂಟಿಗೆ ಸೇರಿಸಿದ್ದೆವು. ಇನಿಟ್ ಒಂದು ಕೋಶದಷ್ಟು ಒಳಗೆ ಅಡಗಿಹೋಗಿತ್ತು. ಬುತ್ತಿಯಲ್ಲಿ ಅನ್ನವಿತ್ತು, ಆದರೆ ಅದು ಮುಚ್ಚಿದ ಡಬ್ಬಿಯೊಳಗಿತ್ತು. ಕರ್ನೆಲ್ಲು ಡಬ್ಬಿಗಳನ್ನು ತೆರೆದು ಹುಡುಕುವುದಿಲ್ಲ. ಕೊನೆಯ ಸಾಲು ಬೆಂಕಿ ನಿಂತ ಸ್ಥಳವನ್ನು ತೋರಿಸುತ್ತದೆ; ಹಸಿಯಾದ ಪುರಳೆಯನ್ನು ಕಾಣಲು ಅಲ್ಲಿಂದ ಮೇಲಕ್ಕೆ ಓದಬೇಕು.

ಎಂಟು ಹೋಗಿ ಎರಡು ಬಂದಿತು

ಗಂಟನ್ನು ಸರಿಯಾಗಿ ಕಟ್ಟಿದ ಮೇಲೆ ಇನಿಟ್ ಸಿಕ್ಕಿತು. ಆದರೆ ಅದನ್ನು ನಡೆಸಲಾಗಲಿಲ್ಲವೆಂದೂ ದೋಷದ ಅಂಕ ಋಣ ಎಂಟೆಂದೂ ಕರ್ನೆಲ್ಲು ತಿಳಿಸಿತು. ಈ ಅಂಕಗಳು ೧೯೭೦ರ ದಶಕದ ಯುನಿಕ್ಸಿನಿಂದ ಬಳುವಳಿಯಾಗಿ ಬಂದವು. ಎರಡು ಎಂದರೆ ಫೈಲು ಇಲ್ಲ. ಎಂಟು ಎಂದರೆ ಫೈಲು ಇದೆ, ಆದರೆ ಅದು ನಡೆಸತಕ್ಕ ರೂಪದಲ್ಲಿಲ್ಲ. ಹದಿಮೂರು ಎಂದರೆ ಅನುಮತಿಯಿಲ್ಲ. ನಮ್ಮ ಬ್ಯುಸಿಬಾಕ್ಸ್ ೬೪ ಬಿಟ್ಟಿನದು. ಟೈನಿ ಕಾನ್ಫಿಗ್ಗಿನಿಂದ ಹೊರಟ ಕರ್ನೆಲ್ಲಾದರೋ, ನಾವು ಬೇರೆ ಹೇಳದೆ ಇದ್ದುದರಿಂದ, ೩೨ ಬಿಟ್ಟಿನದಾಗಿತ್ತು. ಅದಕ್ಕೆ ಆ ಭಾಷೆ ತಿಳಿಯದು. ಕರ್ನೆಲ್ಲನ್ನು ೬೪ ಬಿಟ್ಟಿಗೆ ಬದಲಿಸಿ ಮತ್ತೆ ಕಟ್ಟಿದೆವು.

ಈಗ ಬಂದದ್ದು ಋಣ ಎರಡು. ಫೈಲು ಇಲ್ಲವೆಂಬ ದೂರು. ನಾವು ಗಂಟನ್ನು ಮೂರು ಬಾರಿ ಬಿಚ್ಚಿ ನೋಡಿದೆವು. ಇನಿಟ್ ಇದ್ದೇ ಇತ್ತು! ಕಣ್ಣೆದುರಿಗೆ ಇರುವ ಫೈಲನ್ನು ಇಲ್ಲವೆನ್ನುವ ಯಂತ್ರದ ಮೇಲೆ ಯಾರಿಗಾದರೂ ಕೋಪ ಬರುವುದು ಸಹಜ. ಆದರೆ ಯಂತ್ರ ಸುಳ್ಳು ಹೇಳಿರಲಿಲ್ಲ. ಯಾವ ಫೈಲು ಇಲ್ಲವೆಂಬುದನ್ನು ಮಾತ್ರ ಅದು ಹೇಳಿರಲಿಲ್ಲ. ನಮ್ಮ ಇನಿಟ್ ಒಂದು ಬರೆಹ. ಅದರ ಮೊದಲ ಸಾಲು, ನನ್ನನ್ನು ಶೆಲ್ ಎಂಬುವನು ಓದಿ ನಡೆಸಲಿ ಎನ್ನುತ್ತದೆ. ಶೆಲ್ ಎಂದರೆ ಬ್ಯುಸಿಬಾಕ್ಸಿನದೇ ಒಂದು ವೇಷ. ಆ ಬ್ಯುಸಿಬಾಕ್ಸನ್ನು ನಾವು ಸಾಮಾನ್ಯ ರೀತಿಯಲ್ಲಿ ಕಟ್ಟಿದ್ದುದರಿಂದ ಅದು ತಾನೊಂದೇ ನಡೆಯಲಾರದು. ಹಂಚಿಕೊಂಡು ಬಳಸುವ ಲೈಬ್ರರಿಗಳನ್ನು ತಂದು ಜೋಡಿಸುವ ಲೋಡರ್ ಎಂಬ ಇನ್ನೊಂದು ಫೈಲು ಅದಕ್ಕೆ ಬೇಕು. ಇನಿಟ್ಟಿಗೆ ಶೆಲ್, ಶೆಲ್ಲಿಗೆ ಲೋಡರ್. ಇಲ್ಲದಿದ್ದುದು ಈ ಮೂರನೆಯದು. ದೂರು ಮಾತ್ರ ಮೊದಲನೆಯದರ ಹೆಸರಿನಲ್ಲಿ ಬಂದಿತ್ತು. ಬ್ಯುಸಿಬಾಕ್ಸನ್ನು ಯಾವ ಲೈಬ್ರರಿಯ ಹಂಗೂ ಇಲ್ಲದಂತೆ ತನ್ನಲ್ಲಿಯೇ ಎಲ್ಲವನ್ನೂ ಅಡಗಿಸಿಕೊಂಡ ರೂಪದಲ್ಲಿ ಮತ್ತೆ ಕಟ್ಟಿದಾಗ ದೂರು ಮಾಯವಾಯಿತು.

ಎಂಟು ಹೋಗಿ ಎರಡು ಬಂದಾಗ ನಮಗೆ ನಿರಾಶೆಯಾದುದು ನಿಜ. ಆದರೆ ಅದು ನಿರಾಶೆಯ ಕಾರಣವಲ್ಲ. ಬೆಂಕಿ ಒಂದು ಸೌದೆಯಷ್ಟು ಮುಂದಕ್ಕೆ ದಾಟಿತ್ತು. ದೋಷ ಬೇರೆಯಾಯಿತೆಂದರೆ ಹಿಂದಿನ ದೋಷ ತೀರಿತೆಂದೇ ಲೆಕ್ಕ.

ಮೊದಲನೆಯವನ ಹೊಣೆ

ಮೂರನೆಯ ಸಂಜೆ ತೆರೆಯ ಮೇಲೆ ಶೆಲ್ಲಿನ ಚಿಹ್ನೆ ಮೂಡಿ, ಅದರ ಮುಂದ ಕರ್ಸರು ನಮ್ಮ ಆಜ್ಞೆಗಾಗಿ ಮಿನುಗುತ್ತ ನಿಂತಿತು. ಮೇಲೆ, ಟಿಟಿವೈ ಸಿಕ್ಕಲಿಲ್ಲ, ಜಾಬ್ ಕಂಟ್ರೋಲ್ ಇರುವುದಿಲ್ಲ ಎಂಬ ಒಂದು ಎಚ್ಚರಿಕೆಯಿತ್ತು. ಓದಿ ಹೆದರಬೇಕಾಗಿಲ್ಲ, ನಡೆಯುತ್ತಿರುವ ಕೆಲಸವನ್ನು ಕೀಲಿಮಣೆಯಿಂದ ತಡೆದು ನಿಲ್ಲಿಸುವ ಸೌಲಭ್ಯ ಈ ಕನ್ಸೋಲಿನಲ್ಲಿ ಇಲ್ಲವೆಂದಷ್ಟೇ ಅದರ ಅರ್ಥ. ಎಲ್ಲ ಎಚ್ಚರಿಕೆಯೂ ರೋಗವಲ್ಲ.

ಸಂತೋಷದಿಂದ ಕೆಲವು ಆಜ್ಞೆಗಳನ್ನು ಕೊಟ್ಟು ನೋಡಿದೆವು. ಸಾಕೆನಿಸಿದಾಗ ಎಂದಿನ ಅಭ್ಯಾಸದಂತೆ ಎಕ್ಸಿಟ್ ಎಂದು ಬರೆದೆವು. ಮರುಕ್ಷಣ ಮತ್ತೆ ಪ್ಯಾನಿಕ್! ಇನಿಟ್ಟನ್ನು ಕೊಲ್ಲುವ ಯತ್ನ ನಡೆಯಿತೆಂಬ ಆರೋಪವೂ ಅದರೊಡನೆ ಬಂದಿತು. ಲಿನಕ್ಸಿನಲ್ಲಿ ಪ್ರತಿಯೊಂದು ಕಾರ್ಯಕ್ರಮಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ. ಕರ್ನೆಲ್ಲು ಮೊದಲು ಎಬ್ಬಿಸುವ ಇನಿಟ್ಟಿಗೆ ಒಂದು ಎಂಬ ಸಂಖ್ಯೆ. ಉಳಿದ ಕಾರ್ಯಕ್ರಮಗಳು ಅದರ ಮಕ್ಕಳು, ಮೊಮ್ಮಕ್ಕಳು. ತಂದೆಯನ್ನು ಕಳೆದುಕೊಂಡ ಕಾರ್ಯಕ್ರಮಗಳನ್ನು ಸಾಮಾನ್ಯವಾಗಿ ಸಲಹುವವನೂ ಅವನೇ. ಆದುದರಿಂದ ಮನೆಯ ಯಜಮಾನನಾದ ಅವನು ಕೆಲಸ ಮುಗಿಯಿತೆಂದು ಎದ್ದುಹೋಗುವಂತಿಲ್ಲ. ನಮ್ಮ ಶೆಲ್ಲೇ ಒಂದನೆಯವನಾಗಿದ್ದುದರಿಂದ ಅದು ಮುಗಿದೊಡನೆ ವ್ಯವಸ್ಥೆಯೇ ಮುಗಿಯಿತು. ಸಂದೇಶದಲ್ಲಿದ್ದ ನಿರ್ಗಮನದ ಅಂಕ ಸೊನ್ನೆ. ಎಂದರೆ ಅವನು ಯಾವ ದೋಷವೂ ಇಲ್ಲದೆ, ನಾವು ಹೇಳಿದಂತೆಯೇ ಹೊರಟುಹೋದನು. ಕೆಟ್ಟದ್ದು ಯಂತ್ರವಲ್ಲ, ನಾವು ಕೊಟ್ಟ ಆಜ್ಞೆ.

ಮತ್ತೆ ತೀರ್ಥಹಳ್ಳಿಗೆ

ಮುಂದಿನ ಭಾನುವಾರ ನಾವು ಮಿತ್ರರ ಮನೆಗೆ ಹೋದೆವು. ಯಂತ್ರವನ್ನು ಹಚ್ಚಿ, ಈ ಸಲ ಸಾಲುಗಳನ್ನು ಕೊನೆಯಿಂದ ಮೇಲಕ್ಕೆ ಓದಿದೆವು. ಸೊನ್ನೆ, ಸೊನ್ನೆ. ಕಾಣಿಸಿದ ಡಿಸ್ಕುಗಳ ಪಟ್ಟಿ ಎಂಬ ಶೀರ್ಷಿಕೆಯ ಕೆಳಗೆ ಏನೂ ಇರಲಿಲ್ಲ. ಡಿಸ್ಕು ಮಾತ್ರ ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಬೂಟ್‌ಲೋಡರು ಕರ್ನೆಲ್ಲನ್ನು ಆ ಡಿಸ್ಕಿನಿಂದಲೇ ತಂದಿತ್ತು. ಹಾಗಿದ್ದ ಮೇಲೆ ಕರ್ನೆಲ್ಲಿಗೆ ಅದು ಕಾಣದಿರುವುದಕ್ಕೆ ಕಾರಣವೇನು?

ಸಾಮಾನ್ಯ ಬಳಕೆಯ ಲಿನಕ್ಸಿನಲ್ಲಿ ನಾನಾ ಬಗೆಯ ಡಿಸ್ಕುಗಳ ಚಾಲಕಗಳನ್ನು ಕರ್ನೆಲ್ಲಿನ ಹೊಟ್ಟೆಯಲ್ಲಿ ತುಂಬುವ ಬದಲು ಬಿಡಿಬಿಡಿಯಾಗಿ ಡಿಸ್ಕಿನಲ್ಲಿ ಇಡುವುದು ವಾಡಿಕೆ. ಡಿಸ್ಕನ್ನು ನೋಡಲು ಚಾಲಕ ಬೇಕು. ಚಾಲಕವನ್ನು ತರಲು ಡಿಸ್ಕನ್ನು ನೋಡಬೇಕು. ಈ ತೊಡಕಿನಿಂದ ಪಾರಾಗುವುದಕ್ಕಾಗಿಯೇ ಅಗತ್ಯವಾದ ಚಾಲಕಗಳನ್ನು ಬುತ್ತಿಯಲ್ಲಿ ಕಟ್ಟಿರುತ್ತಾರೆ. ಹೊಸ ಕರ್ನೆಲ್ಲು ಬಂದಾಗಲೆಲ್ಲ ಅದಕ್ಕೆ ತಕ್ಕ ಹೊಸ ಬುತ್ತಿಯೂ ತಯಾರಾಗಬೇಕು. ಆ ಸಂಜೆ ಹೊಸ ಕರ್ನೆಲ್ಲು ಬಂದು ಕುಳಿತಿತ್ತು. ಬುತ್ತಿ ಕಟ್ಟುವುದರೊಳಗಾಗಿ ವಿದ್ಯುತ್ತು ನಿಂತಿತು. ಮರುದಿನ ಕರ್ನೆಲ್ಲು ಬರಿಗೈಯಲ್ಲಿ ಹೊರಟಿತ್ತು. ನಮ್ಮ ಮೇಜಿನ ಮೇಲೆ ಇನಿಟ್ ತಪ್ಪಾದ ಸ್ಥಳದಲ್ಲಿತ್ತು, ಇಲ್ಲಿ ಬುತ್ತಿಯೇ ಇರಲಿಲ್ಲ. ಎರಡಕ್ಕೂ ಕೊನೆಯ ಸಾಲು ಒಂದೇ.

ಈ ಊಹೆಯನ್ನು ಪರೀಕ್ಷಿಸುವುದಕ್ಕೆ ಏನನ್ನೂ ಅಳಿಸಬೇಕಾಗಿರಲಿಲ್ಲ. ಹಿಂದಿನ ಕರ್ನೆಲ್ಲೂ ಅದರ ಬುತ್ತಿಯೂ ಡಿಸ್ಕಿನಲ್ಲಿ ಇನ್ನೂ ಉಳಿದಿರುತ್ತವೆ. ಬೂಟ್‌ಲೋಡರಿನ ಪಟ್ಟಿಯನ್ನು ತೆರೆದು ಹಳೆಯ ಕರ್ನೆಲ್ಲನ್ನು ಆರಿಸಿದೆವು. ಅರ್ಧ ನಿಮಿಷದಲ್ಲಿ ಪರಿಚಿತವಾದ ತೆರೆ ಕಾಣಿಸಿಕೊಂಡಿತು. ಮೊದಲು ಮಾಡಿದ ಕೆಲಸವೆಂದರೆ ಮಳೆಯ ಲೆಕ್ಕವನ್ನು ಎರಡು ಪೆನ್‌ಡ್ರೈವುಗಳಿಗೆ ನಕಲು ಮಾಡಿದ್ದು. ಹೊಸ ಕರ್ನೆಲ್ಲಿಗೆ ಬುತ್ತಿ ಕಟ್ಟುವ ಆಜ್ಞೆಯನ್ನು ಕೊಟ್ಟು, ಬೂಟ್‌ಲೋಡರಿಗೆ ಅದನ್ನು ತಿಳಿಸಿ, ಯಂತ್ರವನ್ನು ಆರಿಸಿ ಹಚ್ಚಿದ್ದು ಆ ತರುವಾಯ. ಅದು ಎಂದಿನಂತೆ ಎದ್ದಿತು.

ಮಿತ್ರರು ಕನ್ನಡಕವನ್ನು ಏರಿಸಿ, ಯಂತ್ರ ಮಲಗಿದ್ದ ಹತ್ತೊಂಬತ್ತು ದಿನಗಳ ಮಳೆಯನ್ನು ಕ್ಯಾಲೆಂಡರಿನ ಹಿಂಬದಿಯಿಂದ ನೋಡಿ ಲೆಕ್ಕಕ್ಕೆ ಸೇರಿಸತೊಡಗಿದರು. "ಅಂಗಡಿಯವರ ಮಾತು ಕೇಳಿದ್ದರೆ?" ಎಂದರು. ನಾವು ಉತ್ತರ ಕೊಡಲಿಲ್ಲ. ಅಂಗಡಿಯವರಿಗೂ ಕೇಡು ಮಾಡುವ ಮನಸ್ಸು ಇದ್ದಿರಲಾರದು. ಅಳಿಸಿ ಹೊಸದಾಗಿ ಹಾಕುವುದು ಬೇಗ ಮುಗಿಯುವ ಕೆಲಸ. ಓದಿ ತಿಳಿಯುವುದಕ್ಕೆ ಹೊತ್ತು ಬೇಕು. ಕೆಟ್ಟ ಯಂತ್ರವು ತಾನು ಎಲ್ಲಿಯವರೆಗೆ ಬಂದೆನೆಂದು ಸಾಮಾನ್ಯವಾಗಿ ತೆರೆಯ ಮೇಲೆ ಬರೆದೇ ನಿಲ್ಲುತ್ತದೆ. ಅದನ್ನು ಓದಲು ಕಲಿಯುವುದಕ್ಕೆ ನಮಗೆ ತಗಲಿದ್ದು ಮೂರು ಸಂಜೆ, ಕೆಲವೇ ಮೆಗಾಬೈಟು; ಮಾಡಿದ ತಪ್ಪುಗಳು ನಾಲ್ಕೈದು. ಮನೆಯಲ್ಲಿ ಒಂದು ಗಣಕಯಂತ್ರವುಳ್ಳ ಓದುಗರಿಗೆ ಈ ಪ್ರಯೋಗ ಸುಲಭಸಾಧ್ಯ. ಆದರೆ ಅದಕ್ಕೆ ಕೈಹಾಕುವ ಮೊದಲು, ಕಳೆದರೆ ಮತ್ತೆ ಬಾರದ ಬರೆಹಗಳೇನಾದರೂ ಯಂತ್ರದಲ್ಲಿದ್ದರೆ, ಅವುಗಳ ನಕಲೊಂದನ್ನು ಇಂದೇ ಬೇರೆಡೆ ತೆಗೆದಿಡುವುದು ಒಳ್ಳೆಯದು.